ಅಚ್ಛೋದದ ದಂಡೆಯ ಕಥೆ

ನಾವೆಲ್ ಎಂಬ ಸಾಹಿತ್ಯಪ್ರಕಾರವು ಪಶ್ಚಿಮದಿಂದ ನಮ್ಮ ದೇಶಕ್ಕೆ ಬಂದಾಗ ಒಂದೊಂದು ಭಾಷೆಯವರು ಅದನ್ನು ಒಂದೊಂದು ಹೆಸರಿನಿಂದ ಬರಮಾಡಿಕೊಂಡರು. ಬಂಗಾಳಿಗಳೂ ಹಿಂದಿಯವರೂ ‘ಉಪನ್ಯಾಸ’ ಎಂದರು. ಗುಜರಾತಿಗಳು ‘ನವಲಕಥಾ’ ಎಂದರು. ತೆಲುಗರು ಇಂಗ್ಲಿಷಿನ ಮಾತನ್ನೇ ಸ್ವಲ್ಪ ತಿದ್ದಿ ‘ನವಲ’ ಮಾಡಿಕೊಂಡರು. ಕನ್ನಡಿಗರಾದ ನಾವು, ನಮ್ಮ ನೆರೆಯ ಮರಾಠಿಗರಂತೆ, ಅದಕ್ಕೆ ಒಬ್ಬ ಕನ್ಯೆಯ ಹೆಸರನ್ನಿಟ್ಟೆವು. ‘ಉಪನ್ಯಾಸ’ವೆಂಬ ಮಾತು ನಮ್ಮಲ್ಲಿ ತರಗತಿಯ ಪಾಠಕ್ಕೆ ಮೀಸಲಾಯಿತು. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಉಪನ್ಯಾಸ ಮಾಡಿ ಹೊಟ್ಟೆ ಹೊರೆದು, ಮನೆಗೆ ಬಂದ ಮೇಲೆ ಕಾದಂಬರಿ ಓದಿ ದಣಿವಾರಿಸಿಕೊಂಡವನು ನಾನು. ಬಂಗಾಳದಲ್ಲಿ ಹುಟ್ಟಿದ್ದರೆ ಎರಡಕ್ಕೂ ಒಂದೇ ಹೆಸರಾಗುತ್ತಿತ್ತು. ನನ್ನ ವಿದ್ಯಾರ್ಥಿಗಳಿಗೂ ಅದರಿಂದ ಒಂದಿಷ್ಟು ಲಾಭವಾಗುತ್ತಿತ್ತೋ ಏನೋ!

ಇಂದಿಗೂ ಪುಸ್ತಕದಂಗಡಿಗಳಲ್ಲಿ ಒಂದು ಬಗೆಯ ಇಂಗ್ಲಿಷ್ ಕಾದಂಬರಿಗಳು ಹೇರಳವಾಗಿ ಕಾಣಸಿಗುತ್ತವೆ. ಬೆಟ್ಟದ ಮಡಿಲಲ್ಲಿ ಒಂದು ಸರೋವರ. ಅದರ ದಂಡೆಯಲ್ಲಿ ಒಂದು ಮರದ ಮನೆ. ಹೊರಗೆ ಚಳಿ, ಒಳಗೆ ಬೆಂಕಿಯ ಬೆಚ್ಚನೆ. ಮನಸ್ಸು ನೊಂದು ಒಂಟಿಯಾಗಿ ಬಂದು ನೆಲೆಸಿದ ಒಬ್ಬಳು ಹೆಣ್ಣು, ದಾರಿ ತಪ್ಪಿ ಆ ಕಡೆಗೆ ಬಂದ ಒಬ್ಬ ಗಂಡು. ಮುಂದಿನದನ್ನು ನಾನು ಹೇಳಬೇಕಾಗಿಲ್ಲ. ವಿಮರ್ಶಕರು ಇಂಥ ಪುಸ್ತಕಗಳನ್ನು ಕಣ್ಣೆತ್ತಿ ನೋಡುವುದಿಲ್ಲ. ಓದುವವರು ಕೂಡ ಬಹುಮಟ್ಟಿಗೆ ಗುಟ್ಟಾಗಿಯೇ ಓದುತ್ತಾರೆ. ಯಾರಾದರೂ ಬಂದರೆ ದಿಂಬಿನ ಕೆಳಗಿಡುತ್ತಾರೆ. ನನಗೆ ಇವು ಇಷ್ಟ. ಹಾಗೆಂದು ಹೇಳಿಕೊಳ್ಳಲು ನನಗೆ ಸಂಕೋಚವೂ ಇಲ್ಲ. ಏಕೆಂದರೆ ನಮ್ಮ ಭಾಷೆಗೆ ‘ಕಾದಂಬರಿ’ ಎಂಬ ಮಾತನ್ನು ಕೊಟ್ಟ ಮೂಲಗ್ರಂಥದ ಹೃದಯದಲ್ಲಿರುವುದೂ ಇಂಥದೇ ಕಥೆ. ಅಲ್ಲಿಯೂ ಬೆಟ್ಟವಿದೆ, ಸರೋವರವಿದೆ, ದಂಡೆಯಲ್ಲೊಂದು ವಾಸಸ್ಥಾನವಿದೆ, ನೊಂದ ಹೆಣ್ಣಿದ್ದಾಳೆ, ದಾರಿ ತಪ್ಪಿದ ರಾಜಕುಮಾರನಿದ್ದಾನೆ. ಆ ಕಥೆ ನಮ್ಮವರೆಗೆ ಬಂದ ದಾರಿಯನ್ನು ಇಂದು ತಮ್ಮೊಡನೆ ಮತ್ತೊಮ್ಮೆ ನಡೆದು ನೋಡಬೇಕೆಂದು ನನ್ನ ಆಸೆ.

ಕನೋಜದ ಚಕ್ರವರ್ತಿ ಹರ್ಷವರ್ಧನನ ಆಸ್ಥಾನದಲ್ಲಿ, ಎಂದರೆ ಕ್ರಿ.ಶ. ಏಳನೆಯ ಶತಮಾನದ ಪೂರ್ವಾರ್ಧದಲ್ಲಿ, ಬಾಣಭಟ್ಟನಿದ್ದ. ತನ್ನ ಬಾಳಿನ ವೃತ್ತಾಂತವನ್ನು ಅವನೇ ‘ಹರ್ಷಚರಿತ’ದಲ್ಲಿ ಬರೆದಿಟ್ಟಿರುವುದರಿಂದ, ನಮ್ಮ ಪ್ರಾಚೀನ ಕವಿಗಳಲ್ಲಿ ಇವನಷ್ಟು ಹತ್ತಿರದಿಂದ ನಮಗೆ ಪರಿಚಿತರಾದವರು ವಿರಳ. ಎಳವೆಯಲ್ಲಿಯೇ ತಾಯಿಯನ್ನು ಕಳೆದುಕೊಂಡ. ತಾಯಿಯೂ ತಾನೇ ಆಗಿ ಸಾಕಿದ ತಂದೆ ಚಿತ್ರಭಾನುವು ಮಗನಿಗೆ ಹದಿನಾಲ್ಕು ವರ್ಷವಾಗುವಷ್ಟರಲ್ಲಿ ತೀರಿಕೊಂಡ. ಆಮೇಲೆ ಆ ಹುಡುಗ ಊರು ಬಿಟ್ಟು ದೇಶ ಸುತ್ತಿದ. ಜೊತೆಗಿದ್ದ ಗೆಳೆಯರ ಪಟ್ಟಿಯನ್ನೇ ಕೊಟ್ಟಿದ್ದಾನೆ. ನಲವತ್ತಕ್ಕೂ ಮೇಲ್ಪಟ್ಟ ಆ ಪರಿವಾರದಲ್ಲಿ ಹಾವಿನ ವಿಷ ಇಳಿಸುವವನಿದ್ದ, ಚಿತ್ರಗಾರನಿದ್ದ, ಅಕ್ಕಸಾಲಿಯಿದ್ದ, ಜೂಜುಗಾರನಿದ್ದ, ಕೊಳಲು ನುಡಿಸುವವನಿದ್ದ. ಅವರ ನಡುವೆ ಗ್ರಂಥಗಳನ್ನು ಗಟ್ಟಿಯಾಗಿ ಓದಿ ಹೇಳುವ ವಾಚಕನೊಬ್ಬನೂ ಕಥೆ ಹೇಳುವ ಕಥಕನೊಬ್ಬನೂ ಇದ್ದರು. ಮನೆಯಿಲ್ಲದೆ ಅಲೆಯುತ್ತಿದ್ದ ತಬ್ಬಲಿ ಹುಡುಗನಿಗೆ ಇರುಳಿನಲ್ಲಿ ಕಥೆ ಹೇಳುವವನೊಬ್ಬ ಜೊತೆಗಿದ್ದನೆಂಬ ಈ ಸಣ್ಣ ಸಂಗತಿಯನ್ನು ನಾನು ಬಹಳ ದೊಡ್ಡದೆಂದು ಭಾವಿಸಿದ್ದೇನೆ. ಮುಂದೆ ‘ಕಾದಂಬರಿ’ಯನ್ನು ಬರೆದವನು ಆ ಹುಡುಗನೇ.

ಬಾಣನ ಪ್ರಭುವಾದ ಹರ್ಷನ ದಂಡಯಾತ್ರೆಯನ್ನು ದಕ್ಷಿಣದಲ್ಲಿ ತಡೆದು ನಿಲ್ಲಿಸಿದವನು ಬಾದಾಮಿಯ ಚಾಲುಕ್ಯ ಇಮ್ಮಡಿ ಪುಲಕೇಶಿ. ಇದನ್ನು ತಾವೆಲ್ಲರೂ ಶಾಲೆಯಲ್ಲಿ ಓದಿದ್ದೀರಿ. ಕ್ರಿ.ಶ. ೬೩೪ರ ಐಹೊಳೆಯ ಶಾಸನದಲ್ಲಿ ರವಿಕೀರ್ತಿಯು ಹರ್ಷನ ಹೆಸರಿನ ಮೇಲೆಯೇ ಶ್ಲೇಷೆ ಮಾಡಿ ಈ ಸೋಲನ್ನು ಹಾಡಿದ್ದಾನೆ. ಆದರೆ ಇತಿಹಾಸದ ವಿನೋದವನ್ನು ನೋಡಿ. ಹರ್ಷನ ಆನೆಗಳು ದಾಟಲಾರದ ನರ್ಮದೆಯನ್ನು ಅವನ ಕವಿಯ ಕಥೆಯು ಮುಂದೊಂದು ಕಾಲದಲ್ಲಿ ಸದ್ದಿಲ್ಲದೆ ದಾಟಿತು. ದಾಟಿ ಬಂದು ಕನ್ನಡ ನಾಡಿನಲ್ಲಿ ಮನೆ ಮಾಡಿ, ಮನೆಮಾತೇ ಆಗಿಬಿಟ್ಟಿತು.

ಕಥೆಯ ಬೀಜ ಬಾಣನದಲ್ಲ. ಗುಣಾಢ್ಯನು ಪೈಶಾಚೀ ಭಾಷೆಯಲ್ಲಿ ರಚಿಸಿದನೆನ್ನಲಾದ, ಇಂದು ಕಳೆದುಹೋಗಿರುವ ‘ಬೃಹತ್ಕಥೆ’ಗೆ ಸೇರಿದ್ದು ಅದು. ಆ ಮಹಾಗ್ರಂಥವನ್ನು ಗಂಗರ ದೊರೆ ದುರ್ವಿನೀತನು ಸಂಸ್ಕೃತಕ್ಕೆ ತಂದನೆಂದು ಗಂಗರ ತಾಮ್ರಶಾಸನಗಳು ಹೇಳುತ್ತವೆ. ಎಂದಮೇಲೆ ಕಥೆಯ ಈ ಕಾಡಿಗೂ ನಮ್ಮ ನಾಡಿಗೂ ನಂಟು ಹಳೆಯದು. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ಬರೆದ ‘ಕಥಾಸರಿತ್ಸಾಗರ’ದಲ್ಲಿ ಈ ಕಥೆಯ ಸರಳ ರೂಪವೊಂದು ಸಿಗುತ್ತದೆ. ಹೆಸರುಗಳು ಬೇರೆ, ಗಿಳಿಯಿದೆ, ಬೆಟ್ಟವಿದೆ, ಸರೋವರದ ಬಳಿ ಕಾಯುತ್ತ ಕುಳಿತ ಹೆಣ್ಣೂ ಇದ್ದಾಳೆ. ಅಲ್ಲಿ ಕೆಲವು ಪುಟಗಳಲ್ಲಿ ಮುಗಿದುಹೋಗುವುದನ್ನು ಬಾಣನು ಒಂದು ಲೋಕವನ್ನಾಗಿ ಬೆಳೆಸಿದ.

ಆ ಲೋಕದೊಳಕ್ಕೆ ಒಮ್ಮೆ ಇಣುಕೋಣ. ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ ದಿಗ್ವಿಜಯಕ್ಕೆ ಹೊರಟು ಕೈಲಾಸದ ಸಮೀಪದವರೆಗೂ ಬಂದಿದ್ದಾನೆ. ಒಂದು ದಿನ ಕಾಡಿನಲ್ಲಿ ಕಿನ್ನರ ದಂಪತಿಗಳನ್ನು ಕಂಡು, ಕುತೂಹಲದಿಂದ ಅವರ ಬೆನ್ನುಹತ್ತಿ, ತನ್ನ ಕುದುರೆ ಇಂದ್ರಾಯುಧದ ವೇಗಕ್ಕೆ ಪರಿವಾರವೆಲ್ಲ ಹಿಂದೆ ಬಿದ್ದು, ಒಬ್ಬನೇ ಆಗಿಬಿಡುತ್ತಾನೆ. ಕಿನ್ನರರು ಬೆಟ್ಟವೇರಿ ಮರೆಯಾಗುತ್ತಾರೆ. ಬಾಯಾರಿದ ರಾಜಕುಮಾರನಿಗೆ ನೆಲದ ಮೇಲೆ ಆನೆಗಳು ಆಗತಾನೇ ನೀರಿನಿಂದೆದ್ದು ಹೋದ ಒದ್ದೆಯ ಜಾಡು ಕಾಣುತ್ತದೆ. ಅದನ್ನೇ ಹಿಡಿದು ನಡೆದರೆ ಎದುರಿಗೆ ಅಚ್ಛೋದ ಸರೋವರ. ‘ಅಚ್ಛೋದ’ವೆಂದರೆ ತಿಳಿನೀರು. ಅವನು ಕುದುರೆಗೆ ನೀರು ಕುಡಿಸಿ, ಹುಲ್ಲು ಹಾಕಿ, ತಾನೂ ಮಿಂದು, ತಾವರೆಯ ಎಲೆಗಳನ್ನು ಹಾಸಿಕೊಂಡು ದಂಡೆಯಲ್ಲಿ ಒರಗುತ್ತಾನೆ. ಆಗ ಎಲ್ಲಿಂದಲೋ ವೀಣೆಯೊಡನೆ ಬೆರೆತ ಒಂದು ಹಾಡು ಕೇಳಿಬರುತ್ತದೆ. ಅದನ್ನು ಮೊದಲು ಕೇಳಿಸಿಕೊಂಡದ್ದು ರಾಜಕುಮಾರನಲ್ಲ, ಕುದುರೆ. ಬಾಯಲ್ಲಿದ್ದ ಹುಲ್ಲಿನ ಕವಳವನ್ನು ಬಿಟ್ಟು, ಕತ್ತೆತ್ತಿ, ಕಿವಿ ನಿಮಿರಿಸಿ ಅದು ಆ ಕಡೆಗೆ ತಿರುಗಿ ನಿಂತಿತೆಂದು ಬಾಣ ಬರೆಯುತ್ತಾನೆ.

ಮೊದಲ ಸಲ ಓದುವಾಗ ಇದು ಒಂದು ಸ್ವಭಾವೋಕ್ತಿ, ಅಷ್ಟೆ. ಕೊನೆಗೆ ತಿಳಿಯುತ್ತದೆ, ಆ ಕುದುರೆ ಕುದುರೆಯೇ ಅಲ್ಲವೆಂದು. ಹಾಡುತ್ತಿರುವವಳ ಸತ್ತ ಪ್ರಿಯನಿಗೆ ಪ್ರಾಣಮಿತ್ರನಾಗಿದ್ದ ಕಪಿಂಜಲನೇ ಶಾಪಗ್ರಸ್ತನಾಗಿ ಆ ರೂಪದಲ್ಲಿದ್ದಾನೆ. ಎರಡನೆಯ ಸಲ ಓದುವಾಗ ಹುಲ್ಲು ಬಿಟ್ಟು ನಿಂತ ಆ ಕುದುರೆಯನ್ನು ಕಂಡರೆ ಗಂಟಲು ಕಟ್ಟುತ್ತದೆ. ಪ್ರೇಮಕಥೆಯಲ್ಲಿ ‘ಮುಂದೇನು’ ಎಂಬುದಲ್ಲದೆ ಮತ್ತೇನಿದೆ ಎಂದು ಕೇಳುವವರಿಗೆ ನಾನು ಕೊಡುವ ಉತ್ತರ ಇದೇ ಕುದುರೆ.

ಹಾಡುತ್ತಿದ್ದವಳು ಗಂಧರ್ವಕನ್ಯೆ ಮಹಾಶ್ವೇತೆ. ಅಪರಿಚಿತನಾದ ಅತಿಥಿಯನ್ನು ಅವಳು ತನ್ನ ಗುಹೆಗೆ ಕರೆದೊಯ್ಯುತ್ತಾಳೆ. ಆ ಗುಹೆಯನ್ನು ಬಾಣ ವರ್ಣಿಸುವ ಬಗೆಯನ್ನು ಗಮನಿಸಬೇಕು. ಅರಮನೆಗಳನ್ನು ವರ್ಣಿಸುವಾಗ ಪುಟಗಟ್ಟಲೆ ಸಮಾಸಗಳನ್ನು ಹೆಣೆಯುವ ಈ ಕವಿ ಇಲ್ಲಿ ಒಬ್ಬ ಗೃಹಸ್ಥನ ಕಣ್ಣಿನಿಂದ ನೋಡುತ್ತಾನೆ. ಪಕ್ಕದಲ್ಲಿ ಧುಮುಕುವ ಝರಿಯ ತುಂತುರು, ಒಳಗೆ ಕಮಂಡಲು, ಗೂಟಕ್ಕೆ ತೂಗುಹಾಕಿದ, ತೆಂಗಿನ ನಾರಿನಿಂದ ಮಾಡಿದ, ತೊಳೆದಿಟ್ಟ ಒಂದು ಜೊತೆ ಪಾದರಕ್ಷೆ, ಮೂಲೆಯಲ್ಲಿ ಮೈಯ ಭಸ್ಮ ಉದುರಿ ಮಾಸಿದ ನಾರುಬಟ್ಟೆಯ ಹಾಸಿಗೆ, ಶಂಖದ ಒಂದು ಭಿಕ್ಷಾಪಾತ್ರೆ. ಅವಳು ಆ ಪಾತ್ರೆಯನ್ನು ಹಿಡಿದು ಮರಗಳ ಕೆಳಗೆ ಒಂದು ಸುತ್ತು ಬಂದರೆ ಹಣ್ಣುಗಳು ತಾವಾಗಿಯೇ ಉದುರಿ ಅದನ್ನು ತುಂಬುತ್ತವೆ. ಇಡೀ ಗ್ರಂಥದಲ್ಲಿ ರತ್ನಖಚಿತ ಮಂಟಪಗಳಿಗೆ ಕೊರತೆಯಿಲ್ಲ. ಆದರೆ ಓದುಗನಿಗೆ ಇಲ್ಲಿ ಇದ್ದುಬಿಡೋಣವೆನ್ನಿಸುವುದು ಈ ಒಂದು ಗುಹೆಯಲ್ಲಿ ಮಾತ್ರ.

ಅಲ್ಲಿ ನಡೆಯುವುದಾದರೂ ಏನು? ಒಬ್ಬಳು ತನ್ನ ದುಃಖವನ್ನು ಹೇಳುತ್ತಾಳೆ. ಒಬ್ಬ ಕೂತು ಕೇಳುತ್ತಾನೆ. ನೀನಾರು, ಈ ವಯಸ್ಸಿನಲ್ಲಿ ಈ ತಪಸ್ಸೇಕೆ ಎಂದು ಅವನು ಕೇಳಿದೊಡನೆ ಅವಳು ಸದ್ದಿಲ್ಲದೆ ಅಳತೊಡಗುತ್ತಾಳೆ. ಚಕ್ರವರ್ತಿಯ ಮಗ ಎದ್ದುಹೋಗಿ, ಮುಖ ತೊಳೆದುಕೊಳ್ಳಲೆಂದು ಝರಿಯಿಂದ ಬೊಗಸೆಯಲ್ಲಿ ನೀರು ತರುತ್ತಾನೆ. ಬಳಿಕ ಅವಳು ಹೇಳುತ್ತಾಳೆ: ವಸಂತಕಾಲದಲ್ಲಿ ತಾಯಿಯೊಡನೆ ಇದೇ ಸರೋವರಕ್ಕೆ ಮೀಯಲು ಬಂದದ್ದು, ಕಿವಿಯಲ್ಲಿ ಪಾರಿಜಾತದ ಗೊಂಚಲನ್ನು ಮುಡಿದಿದ್ದ ಮುನಿಕುಮಾರ ಪುಂಡರೀಕನನ್ನು ಕಂಡದ್ದು, ಅವನ ಕೈಯಿಂದ ಜಾರಿದ ಜಪಮಾಲೆಯನ್ನು ತಾನು ಕೊರಳಲ್ಲಿ ಧರಿಸಿದ್ದು, ಅವನು ಹಿಂದಕ್ಕೆ ಕೇಳಿದಾಗ ಅದರ ಬದಲು ತನ್ನ ಮುತ್ತಿನ ಸರವನ್ನು ಕೊಟ್ಟದ್ದು, ಅವನಿಗೆ ಅದು ಬೇರೆಯದೆಂಬ ಅರಿವೇ ಆಗದಿದ್ದದ್ದು. ಅಂದು ರಾತ್ರಿ ಬೆಳದಿಂಗಳಿನಲ್ಲಿ ಅವನನ್ನು ಕಾಣಲು ಬಂದಾಗ ವಿರಹತಾಪದಿಂದ ಅವನ ಪ್ರಾಣ ಹೋಗಿತ್ತು. ಅವಳು ಚಿತೆಯೇರಲಿದ್ದಾಗ ಚಂದ್ರಮಂಡಲದಿಂದ ದಿವ್ಯಪುರುಷನೊಬ್ಬ ಇಳಿದುಬಂದು ಆ ದೇಹವನ್ನು ಎತ್ತಿಕೊಂಡು, ಪ್ರಾಣ ಬಿಡಬೇಡ, ಮತ್ತೆ ಸಮಾಗಮವುಂಟು ಎಂದು ಹೇಳಿಹೋದ. ಅಂದಿನಿಂದ ಅವಳು ಕಾಯುತ್ತಿದ್ದಾಳೆ.

ಇಷ್ಟಾದರೂ ಕಾದಂಬರಿ ಇನ್ನೂ ಬಂದಿಲ್ಲ! ಕಾದಂಬರಿ ಈ ಮಹಾಶ್ವೇತೆಯ ಗೆಳತಿ. ಹೇಮಕೂಟದ ಗಂಧರ್ವರಾಜ ಚಿತ್ರರಥನ ಮಗಳು. ಗೆಳತಿಯು ಶೋಕದಲ್ಲಿರುವತನಕ ತಾನು ಮದುವೆಯಾಗುವುದಿಲ್ಲವೆಂದು ಪಣ ತೊಟ್ಟವಳು. ಚಂದ್ರಾಪೀಡನಿಗೂ ಅವಳಿಗೂ ಪ್ರೇಮ ಮೊಳೆಯುವುದು ಆಮೇಲಿನ ಮಾತು. ಅವಳ ಪ್ರಥಮ ಪರಿಚಯ ನಮಗಾಗುವುದು ಪ್ರೇಯಸಿಯಾಗಿ ಅಲ್ಲ, ಸ್ನೇಹಿತೆಯಾಗಿ. ಇಂದು ಗ್ರಂಥಾಲಯಗಳ ಕಪಾಟಿನ ಮೇಲೆ ನಾವು ಅಚ್ಚುಹಾಕಿಸಿ ಅಂಟಿಸಿರುವ ಹೆಸರು ಇಂಥವಳದು.

ನನ್ನ ಬಾಲ್ಯದಲ್ಲಿ ನಮ್ಮ ಮನೆಯಲ್ಲಿ ಒಬ್ಬ ಸೋದರತ್ತೆ ಇದ್ದರು. ಚಿಕ್ಕ ವಯಸ್ಸಿನಲ್ಲಿಯೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಊರಿನ ಬಾಡಿಗೆ ಪುಸ್ತಕದಂಗಡಿಯಿಂದ ತ್ರಿವೇಣಿ, ಎಂ. ಕೆ. ಇಂದಿರಾ ಮೊದಲಾದವರ ಕಾದಂಬರಿಗಳನ್ನು ತಂದುಕೊಡುವ ಕೆಲಸ ನನ್ನದು. ಮಧ್ಯಾಹ್ನ ಎಲ್ಲರ ಊಟವಾಗಿ, ಅಡಿಗೆಮನೆ ಸಾರಿಸಿ, ಹಿತ್ತಿಲ ಬಾಗಿಲ ಬಳಿ ಕುಳಿತು ಓದುತ್ತಿದ್ದರು. ಈ ವಯಸ್ಸಿನಲ್ಲಿ ಇವಳಿಗೇಕೆ ಪ್ರೇಮಕಥೆ ಎಂದು ಹಿರಿಯರು ಹಾಸ್ಯ ಮಾಡುವುದಿತ್ತು. ಅತ್ತೆ ಉತ್ತರ ಕೊಡುತ್ತಿರಲಿಲ್ಲ. ನಾನು ಹೊಸ ಪುಸ್ತಕ ತಂದಾಗ ಮಾತ್ರ ಕೇಳುತ್ತಿದ್ದರು: “ನೀನು ಕೊನೇ ಪುಟ ನೋಡಿದೆಯೇನೋ? ಇಬ್ಬರೂ ಸೇರ್ತಾರೆ ತಾನೇ?” ಸೇರುವುದಿಲ್ಲವೆಂದರೆ ಆ ಪುಸ್ತಕವನ್ನು ಓದದೆಯೇ ಹಿಂದಕ್ಕೆ ಕೊಡಿಸುತ್ತಿದ್ದರು. ಮುಂದೆ ನಾನು ಎಂ.ಎ. ತರಗತಿಯಲ್ಲಿ ದುಃಖಾಂತದ ಮೇಲ್ಮೆಯನ್ನು ಕುರಿತು ದೊಡ್ಡ ದೊಡ್ಡ ಮಾತುಗಳನ್ನು ಕೇಳಿದೆ, ನಾನೂ ಹೇಳಿದೆ. ಆದರೆ ಸುಖಾಂತವನ್ನು ಬಯಸುವ ಓದುಗನನ್ನು ಮಗುವೆಂದು ತಳ್ಳಿಹಾಕಲು ನನ್ನಿಂದ ಎಂದೂ ಆಗಲಿಲ್ಲ. ಅದಕ್ಕೆ ನಮ್ಮ ಅತ್ತೆ ಒಂದು ಕಾರಣವಾದರೆ, ಬಾಣನ ಮಗ ಇನ್ನೊಂದು ಕಾರಣ.

ಬಾಣನ ಗ್ರಂಥ ನಡುವೆಯೇ ನಿಂತುಹೋಗಿದೆ. ಚಂದ್ರಾಪೀಡ ತಂದೆಯ ಪತ್ರಕ್ಕೆ ತಲೆಬಾಗಿ ಉಜ್ಜಯಿನಿಗೆ ಮರಳಿದ್ದಾನೆ. ಹಿಂದುಳಿದಿದ್ದ ಪತ್ರಲೇಖೆ ಬಂದು ಕಾದಂಬರಿಯ ವಿರಹದ ಮಾತುಗಳನ್ನು ಅವನಿಗೆ ಹೇಳುತ್ತಿದ್ದಾಳೆ. ಆ ಮಾತಿನ ಮಧ್ಯದಲ್ಲಿಯೇ ಕವಿಯ ಲೇಖನಿ ನಿಂತಿತು, ಬಾಣ ತೀರಿಕೊಂಡ. ಸರೋವರದ ದಂಡೆಯಲ್ಲಿ ಮಹಾಶ್ವೇತೆ ಕಾಯುತ್ತಲೇ ಉಳಿದಳು, ಹೇಮಕೂಟದಲ್ಲಿ ಕಾದಂಬರಿ ಕಾಯುತ್ತಲೇ ಉಳಿದಳು. ಆಗ ಕಥೆಯನ್ನು ಕೈಗೆತ್ತಿಕೊಂಡವನು ಮಗ. ಭೂಷಣನೆಂದೂ ಪುಲಿಂದನೆಂದೂ ಅವನ ಹೆಸರನ್ನು ಬೇರೆ ಬೇರೆಯಾಗಿ ಹೇಳುತ್ತಾರೆ. ಉತ್ತರಭಾಗದ ಆರಂಭದಲ್ಲಿ ಅವನು ತನ್ನ ಕಾರಣವನ್ನು ವಿನಯದಿಂದ ನಿವೇದಿಸಿದ್ದಾನೆ. ತಂದೆ ಸ್ವರ್ಗಸ್ಥನಾದಾಗ ಅವನ ಮಾತಿನೊಡನೆ ಕಥೆಯ ಪ್ರವಾಹವೂ ಕಡಿದುಹೋಯಿತು. ಅದು ಮುಗಿಯಲಿಲ್ಲವೆಂದು ಸಜ್ಜನರು ಪಡುತ್ತಿದ್ದ ದುಃಖವನ್ನು ನೋಡಿ ತಾನು ಬರೆಯಲು ತೊಡಗಿದ್ದೇನೆಯೇ ಹೊರತು ಕವಿಯೆಂಬ ಗರ್ವದಿಂದಲ್ಲ ಎಂದು ಅದರ ಭಾವ.

ಸಾಹಿತ್ಯಚರಿತ್ರೆಯಲ್ಲಿ ನಾವು ರಾಜರ ಆಜ್ಞೆಯಿಂದ ಹುಟ್ಟಿದ ಕಾವ್ಯಗಳನ್ನು ಬಲ್ಲೆವು, ಧರ್ಮಪ್ರಸಾರಕ್ಕಾಗಿ ಹುಟ್ಟಿದವನ್ನು ಬಲ್ಲೆವು. ಇದಾದರೋ ಓದುಗರ ದುಃಖದಿಂದ ಹುಟ್ಟಿದ ಭಾಗ. ಮುಂದೇನಾಯಿತು, ಸೇರಿದರೋ ಇಲ್ಲವೋ ಎಂಬ ತವಕಕ್ಕೆ, ಎಂದರೆ ನಾವು ಇಂದು ಕೀಳೆಂದು ಎಣಿಸುವ ಆ ತವಕಕ್ಕೇ, ಒಬ್ಬ ಮಗ ಕೊಟ್ಟ ಗೌರವ ಇದು. ಅವನು ಬರೆದದ್ದೇನೆಂಬುದನ್ನು ಯೋಚಿಸಿದಾಗ ಮನಸ್ಸು ಇನ್ನೂ ಆರ್ದ್ರವಾಗುತ್ತದೆ. ಉತ್ತರಭಾಗದಲ್ಲಿ ಚಂದ್ರಾಪೀಡನೂ ಎದೆಯೊಡೆದು ಸಾಯುತ್ತಾನೆ. ಕೆಡದೆ ಉಳಿದ ಆ ದೇಹವನ್ನು ಕಾದಂಬರಿ ಗೆಳತಿಯ ಜೊತೆಯಲ್ಲಿ ಅದೇ ಅಚ್ಛೋದದ ದಂಡೆಯಲ್ಲಿ ಕಾಯುತ್ತಾಳೆ. ಶಾಪಗಳು ತೀರಿ, ಜನ್ಮಗಳ ಗಂಟು ಬಿಚ್ಚಿ, ಅವಳ ಆಲಿಂಗನದಿಂದ ಚಂದ್ರಾಪೀಡ ಕಣ್ತೆರೆಯುತ್ತಾನೆ. ಪುಂಡರೀಕನೂ ಮರಳಿ ಬರುತ್ತಾನೆ. ಹೋದವರೆಲ್ಲರೂ ಹಿಂದಿರುಗುತ್ತಾರೆ. ಇದನ್ನು ಬರೆದವನು ಆಗತಾನೇ ತಂದೆಯನ್ನು ಕಳೆದುಕೊಂಡವನು. ಅವನ ತಂದೆ ಹಿಂದಿರುಗಲಿಲ್ಲ. ಇದು ತಿಳಿದೂ ಅವನು ಹಾಗೆ ಬರೆದ. ಸುಖಾಂತವೆಂದರೆ ಲೋಕವನ್ನರಿಯದವರ ಕನಸೆನ್ನುವವರು ಈ ಮಗನನ್ನು ಒಮ್ಮೆ ನೆನೆಯಬೇಕು.

ಇನ್ನು ಕನ್ನಡಕ್ಕೆ ಬರೋಣ. ನಾಗವರ್ಮನು ಇಡೀ ಕಥೆಯನ್ನು, ತಂದೆಯ ಭಾಗವನ್ನೂ ಮಗನ ಭಾಗವನ್ನೂ ಕೂಡಿಸಿ, ‘ಕರ್ಣಾಟಕ ಕಾದಂಬರಿ’ ಎಂಬ ಚಂಪುವಾಗಿ ಹಾಡಿದ. ‘ಛಂದೋಂಬುಧಿ’ಯನ್ನು ಬರೆದ ನಾಗವರ್ಮನೇ ಇವನೋ ಬೇರೆಯವನೋ ಎಂಬ ಬಗ್ಗೆ ವಿದ್ವಾಂಸರಲ್ಲಿ ದೀರ್ಘವಾದ ವಾದವಿದೆ, ಹತ್ತನೆಯ ಶತಮಾನದ ಕೊನೆ ಅಥವಾ ಹನ್ನೊಂದನೆಯ ಶತಮಾನದ ಪೂರ್ವಾರ್ಧವೆಂದು ಇಟ್ಟುಕೊಂಡರೆ ನಮ್ಮ ಇಂದಿನ ಉದ್ದೇಶಕ್ಕೆ ಸಾಕು. ಆ ಕಾಲದ ಕನ್ನಡದಲ್ಲಿ ಕಾವ್ಯವೆಂದರೆ ಪ್ರಧಾನವಾಗಿ ತೀರ್ಥಂಕರರ ಚರಿತೆ, ಇಲ್ಲವೆ ಆಶ್ರಯದಾತನನ್ನು ಹೊಗಳುವ ಭಾರತಯುದ್ಧ. ಅವೆರಡರ ನಡುವೆ ನಾಗವರ್ಮ ಬರಿಯ ಪ್ರೇಮಕಥೆಯೊಂದನ್ನು ತಂದು ಕೂರಿಸಿದ. ಬಾಣನ ಸಮಾಸದ ಸರಪಳಿಗಳನ್ನು ಸಡಿಲಿಸಿ, ವರ್ಣನೆಗಳನ್ನು ಅಲ್ಲಲ್ಲಿ ಕಿರಿದುಗೊಳಿಸಿ, ಕಂದಪದ್ಯಗಳ ನಡಿಗೆಯಲ್ಲಿ ಕಥೆಯನ್ನು ಹಗುರವಾಗಿ ನಡೆಸಿದ. ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಪಂಡಿತ ವೇಬರನು ಬಾಣನ ಗದ್ಯವನ್ನು ದಾರಿ ಕಾಣದ ಭಾರತೀಯ ಕಾಡಿಗೆ ಹೋಲಿಸಿ ದೂರಿದ್ದುಂಟು. ಅದಕ್ಕೆ ಎಂಟು ಶತಮಾನಗಳಷ್ಟು ಮೊದಲೇ ಕನ್ನಡಿಗನೊಬ್ಬ ಆ ಕಾಡಿನಲ್ಲಿ ಕಾಲುದಾರಿಯನ್ನು ಕಡಿದಿದ್ದನೆಂಬುದು ಆ ಪಂಡಿತನಿಗೆ ತಿಳಿದಿರಲಿಲ್ಲವೆಂದು ಕಾಣುತ್ತದೆ. ನಾಗವರ್ಮನು ತುಳಿದ ದಾರಿಯಲ್ಲಿಯೇ ಮುಂದೆ ನೇಮಿಚಂದ್ರನ ‘ಲೀಲಾವತಿ’ ಬಂದಿತು. ಅಲ್ಲಿ ನಾಯಕ ನಾಯಕಿಯರು ಒಬ್ಬರನ್ನೊಬ್ಬರು ಮೊದಲು ಕಾಣುವುದು ಕನಸಿನಲ್ಲಿ.

ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹೊಸ ಗದ್ಯಕಥೆಗಳಿಗೆ ಹೆಸರು ಬೇಕಾಯಿತು. ಮರಾಠಿಯಲ್ಲಿ ‘ಕಾದಂಬರಿ’ ಎಂಬ ಮಾತು ಬಳಕೆಗೆ ಬಂದಿತು. ಆಗ ಮರಾಠಿಯೊಡನೆ ನಿಕಟವಾಗಿದ್ದ ಉತ್ತರ ಕರ್ನಾಟಕದ ಮೂಲಕ ನಮ್ಮಲ್ಲಿಯೂ ಅದು ನೆಲೆಯೂರಿತೆಂದು ಸಾಮಾನ್ಯವಾಗಿ ತಿಳಿಯುತ್ತಾರೆ. ಬಂಕಿಮಚಂದ್ರರನ್ನು ಕನ್ನಡಕ್ಕೆ ತಂದ ಬಿ. ವೆಂಕಟಾಚಾರ್ಯರ ಕೃತಿಗಳೂ, ೧೮೯೯ರಲ್ಲಿ ಬಂದ ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ಯೂ, ಗಳಗನಾಥರ ಐತಿಹಾಸಿಕ ಕಥನಗಳೂ ಇಂದು ಈ ಒಂದೇ ಹೆಸರಿನ ಕೆಳಗೆ ನಿಂತಿವೆ. ಹೆಸರಿಟ್ಟವರು ಹೆಚ್ಚೇನೂ ಆಲೋಚಿಸದೆ ಇಟ್ಟಿರಬಹುದು. ಹಾಗಿದ್ದರೂ ಅದು ಸಾರ್ಥಕವಾದ ಹೆಸರು. ಸಂಸ್ಕೃತದಲ್ಲಿ ‘ಕಾದಂಬರಿ’ಯೆಂದರೆ ಮದ್ಯವೆಂಬ ಅರ್ಥವೂ ಇದೆ. ಆ ರಸವನ್ನು ಬಲ್ಲವರಿಗೆ ಊಟವೂ ರುಚಿಸದೆಂದು ಹಿಂದಿನ ರಸಿಕರು ಇದೇ ಶ್ಲೇಷೆಯಿಂದ ನುಡಿದರು. ಪುಸ್ತಕ ಹಿಡಿದು ಕೂತ ಮಕ್ಕಳನ್ನು ಊಟಕ್ಕೆ ಕರೆದು ಕರೆದು ಸೋತ ತಾಯಂದಿರು ಈ ಮಾತಿಗೆ ಇಂದಿಗೂ ಸಾಕ್ಷಿ ನುಡಿದಾರು.

ಸರೋವರದ ದಂಡೆಯ ಮನೆಗಳ ಕಥೆಗಳಲ್ಲಿ ಜಾಳಾದವೂ ಇವೆ, ಬರಿಯ ವ್ಯಾಪಾರಕ್ಕಾಗಿ ಹೊಸೆದವೂ ಇವೆ. ಎಲ್ಲವನ್ನೂ ಬಾಣನ ಪಂಕ್ತಿಯಲ್ಲಿ ಕೂರಿಸಬೇಕೆಂದು ನನ್ನ ವಾದವಲ್ಲ. ಆದರೆ ಅವನ್ನು ಓದುವವರು ಅರಸುವುದು ಯಾವುದನ್ನು? ಸುಖವನ್ನಷ್ಟೇ ಅಲ್ಲವೆಂದು ನ್ನ ನಂಬಿಕೆ. ತನ್ನ ದುಃಖವನ್ನು ಹೇಳಿಕೊಳ್ಳಲು ತಕ್ಕ ಒಂದು ಏಕಾಂತ, ಮುಖ ತೊಳೆಯಲು ಬೊಗಸೆಯಲ್ಲಿ ನೀರು ತಂದುಕೊಡುವ ಒಬ್ಬ ಅಪರಿಚಿತ, ತನ್ನ ಶೋಕ ತೀರುವತನಕ ಹಸೆಮಣೆ ಏರೆನೆನ್ನುವ ಒಬ್ಬ ಗೆಳತಿ, ಕಾಯುವಿಕೆಗೆ ಕೊನೆಯುಂಟೆಂಬ ಒಂದು ಭರವಸೆ. ಬಾಣ ಇಷ್ಟನ್ನೂ ಆ ಗುಹೆಯ ಸುತ್ತ ಒಟ್ಟುಗೂಡಿಸಿದ್ದ. ನಡುವೆ ಕಡಿದುಹೋದುದನ್ನು ಮಗ ಜೋಡಿಸಿದ, ನಾಗವರ್ಮ ನಮ್ಮ ನುಡಿಗೆ ತಂದ, ಹೆಸರಿಲ್ಲದ ಯಾರೋ ಅದನ್ನು ಇಡೀ ಪ್ರಕಾರಕ್ಕೇ ಹೆಸರಾಗಿಸಿದರು. ಕನ್ನಡದ ಓದುಗನು ಇನ್ನು ಮುಂದೆ ಪ್ರೇಮಕಥೆಯ ಪುಸ್ತಕವನ್ನು ದಿಂಬಿನ ಕೆಳಗೆ ಅಡಗಿಸಬೇಕಾಗಿಲ್ಲ. ಯಾರಾದರೂ ಬಂದು ಕೈಯಲ್ಲಿರುವುದೇನೆಂದು ಕೇಳಿದರೆ, ಕಾದಂಬರಿ ಎಂದು ತಲೆಯೆತ್ತಿ ಹೇಳಬಹುದು. ಆ ಒಂದು ಮಾತಿನಲ್ಲಿಯೇ ಅಚ್ಛೋದದ ತಿಳಿನೀರಿದೆ.